ರೀಫ್ ಟ್ಯಾಂಕಿಗೆ ಬಲೆ ಮುಚ್ಚಳ: ಮೂರು ವರ್ಷ ಬಳಸಿದ ಮೇಲೆ

ಮೀನು ಹೊರಗೆ ಜಿಗಿಯದಂತೆ ಟ್ಯಾಂಕಿನ ಮೇಲೆ ಹಾಕುವ ಬಲೆ ಮುಚ್ಚಳದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಬಲೆ ಒಳ್ಳೆಯದು, ಫ್ರೇಮ್ ಪರವಾಗಿಲ್ಲ, ಮೂಲೆಯ ಕ್ಲಿಪ್‌ಗಳು ದಂಡ. ಐದಕ್ಕೆ ಮೂರೂವರೆ ಕೊಡಬಹುದು. ಹಾಗಿದ್ದೂ, ಮುಚ್ಚಳ ಇಲ್ಲದೆ ರೀಫ್ ಟ್ಯಾಂಕ್ (ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ಟ್ಯಾಂಕ್) ಇಟ್ಟವರು ಕೇಳಿದರೆ ಇಂಥದ್ದೊಂದು ಹಾಕಿಸಿ ಎಂದೇ ಹೇಳುತ್ತೇನೆ.

ನಮ್ಮದು ಬಸವನಗುಡಿಯ ಮನೆ. ಹಾಲ್‌ನಲ್ಲಿ ಮೂರು ಅಡಿ ಉದ್ದದ, ಮೇಲೆ ಪೂರ್ತಿ ತೆರೆದ ಗಾಜಿನ ಟ್ಯಾಂಕ್. ಒಂದು ಜೊತೆ ಕ್ಲೌನ್‌ಫಿಶ್, ಒಂದು ಸಿಕ್ಸ್‌ಲೈನ್ ರಾಸ್ ಮೀನು, ಒಂದು ಫೈರ್‌ಫಿಶ್, ಒಂದೆರಡು ಸಿಗಡಿ ಇವೆ. ಹವಳದಲ್ಲಿ ಮಶ್ರೂಮ್ ಮತ್ತು ಜೋಯಾಂಥಿಡ್ ಎಂಬ ಮೆತ್ತನೆಯ ಬಗೆಗಳು ಮಾತ್ರ. ಕಲ್ಲು ಹವಳ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಜೀವಿಗಳ ಪಟ್ಟಿಯಲ್ಲಿದೆ, ಅದರ ತಂಟೆಗೆ ನಾನು ಹೋಗಿಲ್ಲ.

ನಮ್ಮ ಮೀನುಗಳಲ್ಲಿ ರಾಸ್ ಮತ್ತು ಫೈರ್‌ಫಿಶ್ ಎರಡೂ ಹೆಸರುವಾಸಿ ಜಿಗಿತಗಾರರು. ಬೆದರಿದರೆ ಸಾಕು, ಬಾಣದಂತೆ ಚಿಮ್ಮುತ್ತವೆ. ಸಮುದ್ರದಲ್ಲಿ ಚಿಮ್ಮಿದರೆ ಮತ್ತೆ ನೀರಿಗೇ ಬೀಳುತ್ತವೆ, ಹಾಲ್‌ನಲ್ಲಿ ಟೈಲ್ಸ್ ಮೇಲೆ ಬೀಳುತ್ತವೆ. ದೀಪ ಥಟ್ಟನೆ ಆರಿದಾಗ, ಇನ್ನೊಂದು ಮೀನು ಅಟ್ಟಿಸಿಕೊಂಡು ಬಂದಾಗ, ಹೊಸದಾಗಿ ತಂದು ಬಿಟ್ಟ ಮೊದಲ ಕೆಲವು ರಾತ್ರಿ ಅಪಾಯ ಜಾಸ್ತಿ.

ಗಾಜು ಮುಚ್ಚಿದರೆ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಮುಚ್ಚಬಹುದು. ಆದರೆ ಏಪ್ರಿಲ್‌ನಲ್ಲಿ ಏನು ಮಾಡುತ್ತೀರಿ? 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 39.2 ಡಿಗ್ರಿ ಬಿಸಿಲು ದಾಖಲಾಗಿದೆ. ರೀಫ್ ಟ್ಯಾಂಕಿನ ನೀರು 25-26 ಡಿಗ್ರಿಯಲ್ಲಿ ನಿಂತರೆ ನೆಮ್ಮದಿ. ಚಿಲ್ಲರ್ (ನೀರು ತಣ್ಣಗೆ ಮಾಡುವ ಯಂತ್ರ) ಇಲ್ಲದವರಿಗೆ ಇರುವ ದಾರಿ ನೀರಿನ ಮೇಲೆ ಗಾಳಿ ಬೀಸುವ ಫ್ಯಾನ್. ನೀರು ಆವಿಯಾಗುತ್ತಾ ಉಳಿದದ್ದು ತಣ್ಣಗಾಗುತ್ತದೆ. ಗಾಜು ಮುಚ್ಚಿದರೆ ಆ ಫ್ಯಾನ್ ಸುಮ್ನೆ ಅಲಂಕಾರಕ್ಕೆ. ಅಕ್ರಿಲಿಕ್ ಹಾಳೆಯಾದರೆ ಕೆಳಗಿನ ತೇವ ಹೀರಿಕೊಂಡು ಬಾಗುತ್ತದೆ. ಬಲೆಯಲ್ಲಿ ಗಾಳಿ ಆರಾಮಾಗಿ ಓಡಾಡುತ್ತದೆ. ಕರೆಂಟ್ ಹೋಗಿ ಪಂಪ್ ನಿಂತಾಗಲೂ ಇದೇ ಮುಖ್ಯ. ಬೆಚ್ಚಗಿನ ಉಪ್ಪುನೀರಿನಲ್ಲಿ ಆಮ್ಲಜನಕ ಕರಗುವುದೇ ಕಮ್ಮಿ. ನಾನು ಒಂದು ವೇವ್‌ಮೇಕರನ್ನು (ಟ್ಯಾಂಕಿನೊಳಗೆ ಅಲೆ ಎಬ್ಬಿಸುವ ಪಂಪ್) ಇನ್ವರ್ಟರ್‌ಗೆ ಹಾಕಿ, ನೀರಿನ ಮೇಲ್ಮೈ ಕಲಕುವಂತೆ ತಿರುಗಿಸಿಟ್ಟಿದ್ದೇನೆ. ಫ್ಯಾನ್ ಇದ್ದರೆ ನೀರು ಬೇಗ ಇಳಿಯುತ್ತದೆ, ಉಪ್ಪು ಮಾತ್ರ ಒಳಗೇ ಉಳಿಯುತ್ತದೆ. ಹಾಗಾಗಿ ದಿನಾ ಉಪ್ಪಿಲ್ಲದ ಆರ್‌ಒ ನೀರು ಹಾಕಲೇಬೇಕು.

ನಾನು ತರಿಸಿದ್ದು ಆನ್‌ಲೈನ್ ಕಿಟ್. ಅಲ್ಯೂಮಿನಿಯಂ ಚಾನೆಲ್, 6 ಮಿಲಿಮೀಟರ್ ಕಣ್ಣಿನ ಪಾರದರ್ಶಕ ಬಲೆ, ಅದನ್ನು ಒತ್ತಿ ಕೂರಿಸುವ ರಬ್ಬರ್ ಬೀಡಿಂಗ್, ಮೂಲೆಗಳಿಗೆ ಪ್ಲಾಸ್ಟಿಕ್ ಕ್ಲಿಪ್‌ಗಳು. ಬಲೆಗೆ ಪೂರ್ತಿ ಅಂಕ. ಇಷ್ಟು ದಿನ ದೀಪದ ಕೆಳಗಿದ್ದರೂ ಹಳದಿಯಾಗಿಲ್ಲ, ಜೋತು ಬಿದ್ದಿಲ್ಲ. ರಾತ್ರಿ ಕೆಲವು ಸಲ 'ಠಪ್' ಅಂತ ಸದ್ದು ಕೇಳುತ್ತದೆ. ಅದು ರಾಸ್ ಬಲೆಗೆ ಬಡಿದು ವಾಪಸ್ ನೀರಿಗೆ ಬಿದ್ದ ಸದ್ದು. ಮೊದಮೊದಲು ಎದ್ದು ಹೋಗಿ ನೋಡುತ್ತಿದ್ದೆ, ಈಗ ಮಗ್ಗುಲು ಬದಲಿಸುತ್ತೇನೆ.

ಕ್ಲಿಪ್‌ಗಳ ಕಥೆ ಬೇರೆ. ಎರಡನೇ ಬೇಸಿಗೆಯ ಹೊತ್ತಿಗೆ ಪ್ಲಾಸ್ಟಿಕ್ ಗರಿಗರಿಯಾಗಿ ಒಂದು ಮೂಲೆ ಮುರಿಯಿತು. ವೈರ್ ಮತ್ತು ಪೈಪ್ ಒಳಗೆ ಇಳಿಯುವ ಕಡೆಯೇ ಫ್ರೇಮ್ ಮೇಲೆದ್ದಿತು. ಬೆರಳು ತೂರುವಷ್ಟು ಸಂದಿ, ಫೈರ್‌ಫಿಶ್‌ಗೆ ಅಷ್ಟು ಸಾಲದೇ? ನರಕ ಚತುರ್ದಶಿಯ ಬೆಳಗಿನ ಜಾವ ಪಕ್ಕದ ರಸ್ತೆಯಲ್ಲಿ ಪಟಾಕಿ ಸರ ಸಿಡಿಯಿತು. ಎಣ್ಣೆ ಸ್ನಾನಕ್ಕೆ ನೀರು ಕಾಯಿಸಲು ಎದ್ದಿದ್ದ ಅಮ್ಮ, "ಲೋ, ಇಲ್ಲೊಂದು ಮೀನು ಒದ್ದಾಡ್ತಿದೆ, ಬೇಗ ಬಾರೋ!" ಎಂದು ಕೂಗಿದರು.

ಉಳಿಯಿತು. ಇಂಥ ಹೊತ್ತಿನಲ್ಲಿ ಕೈಯನ್ನು ಟ್ಯಾಂಕಿನ ನೀರಿನಲ್ಲೇ ಒದ್ದೆ ಮಾಡಿಕೊಂಡು ಮೀನನ್ನು ಎತ್ತಬೇಕು. ಒಣ ಕೈ, ಟಿಶ್ಯೂ, ಬಟ್ಟೆ ತಗುಲಿದರೆ ಮೈಮೇಲಿನ ಲೋಳೆ ಪದರ ಕಿತ್ತು ಬರುತ್ತದೆ. ಧೂಳು ಮೆತ್ತಿದ್ದರೂ ಉಜ್ಜಬೇಡಿ, ನಲ್ಲಿ ನೀರಿನಲ್ಲಂತೂ ತೊಳೆಯಲೇಬೇಡಿ. ಟ್ಯಾಂಕಿನೊಳಗೇ ತೂತುಗಳಿರುವ ಪೆಟ್ಟಿಗೆಯಲ್ಲಿ ಬಿಟ್ಟು, ದೀಪ ಆರಿಸಿ, ಬೇರೆ ಮೀನು ಕಾಟ ಕೊಡದಂತೆ ನೋಡಿಕೊಂಡರೆ ಸಾಕು. ಮೈ ಒಣಗಿದಂತೆ ಕಂಡರೂ ಕಿವಿರಿನಲ್ಲಿ ತೇವ ಇದ್ದರೆ ಕೈ ಬಿಡಬೇಡಿ, ನೀರಿಗೆ ಹಾಕಿ ನೋಡಿ. ಗಾಯವಾಗಿದೆ ಅಂತ ತಾಮ್ರದ ಔಷಧಿ ಸುರಿಯುವುದು ಬೇಡ. ಸಿಗಡಿ, ಹವಳ ಎರಡೂ ಅದರಿಂದ ಸಾಯುತ್ತವೆ. ಔಷಧಿ ಬೇಕೇ ಬೇಕು ಅಂದರೆ ಬೇರೆ ಚಿಕ್ಕ ಟ್ಯಾಂಕಿನಲ್ಲಿ ಕೊಡಬೇಕು.

ಕಿಟ್ ಮಾರಿದವರಿಗೆ ಬರೆದೆ. ಕ್ಲಿಪ್ ಬಿಡಿಯಾಗಿ ಸಿಗಲ್ಲ, ಹೊಸ ಕಿಟ್ ತಗೊಳ್ಳಿ ಎಂದರು. ನಾಲ್ಕು ಚೂರು ಪ್ಲಾಸ್ಟಿಕ್‌ಗೆ ಮತ್ತೆ ಪೂರ್ತಿ ದುಡ್ಡು! ನಮ್ಮ ರಸ್ತೆಯಲ್ಲೇ ಕಿಟಕಿಗೆ ಸೊಳ್ಳೆ ಜಾಲರಿ ಹಾಕುವವರ ಹತ್ತಿರ ಹೋದೆ. "ಸೊಳ್ಳೆ ಒಳಗೆ ಬರಬಾರದಾ ಸಾರ್?" ಎಂದರು. "ಇಲ್ಲ, ಮೀನು ಹೊರಗೆ ಹೋಗಬಾರದು" ಎಂದೆ. ನಕ್ಕರು, ಆದರೆ ಕೆಲಸ ಚೊಕ್ಕವಾಗಿ ಮಾಡಿಕೊಟ್ಟರು. ಅದೇ ಬಲೆ, ಹೊಸ ಚಾನೆಲ್, ವೈರ್ ಇಳಿಯುವ ಕಡೆ ಅಳತೆಗೆ ತಕ್ಕ ಕಚ್ಚು. ಕಬ್ಬಿಣದ ಸ್ಕ್ರೂ ಬೇಡವೇ ಬೇಡ ಎಂದು ಮೊದಲೇ ಹೇಳಿದ್ದೆ. ಉಪ್ಪಿನ ಹನಿ ತಗುಲಿ ತುಕ್ಕು ಹಿಡಿದರೆ ಅದು ನೇರ ನೀರಿಗೇ ತೊಟ್ಟಿಕ್ಕುತ್ತದೆ. ಅವರು ಸಾಮಾನ್ಯವಾಗಿ ಹಾಕುವ ಸಣ್ಣ ಕಣ್ಣಿನ ಜಾಲರಿ ಬೆಳಕನ್ನು ಜಾಸ್ತಿ ತಡೆಯುತ್ತದೆ. ಹಾಗಾಗಿ ಬಲೆ ನೀವೇ ಕೊಡುವುದು ಒಳ್ಳೆಯದು.

ನಿರ್ವಹಣೆ ಅಂದರೆ ಉಪ್ಪು. ಸಿಡಿದ ಹನಿ ಒಣಗಿ ಬಲೆಯ ಕಣ್ಣು ಮುಚ್ಚುತ್ತದೆ, ಬೆಳಕು ಕುಗ್ಗುತ್ತದೆ. ವಾರಕ್ಕೊಮ್ಮೆ ತೆಗೆದು ಸಿಹಿನೀರಿನಲ್ಲಿ ತೊಳೆದರೆ ಮುಗಿಯಿತು. ಮಶ್ರೂಮ್‌ಗಳಿಗೆ ಬೆಳಕು ತುಸು ಕಮ್ಮಿಯಾದರೂ ನಡೆಯುತ್ತದೆ.

ಒಂದು ವಿಷಯ ಕೊಳ್ಳುವ ಮುಂಚೆ ಗೊತ್ತಿರಲಿ. ಈ ಮುಚ್ಚಳ ಜಿಗಿತವನ್ನಷ್ಟೇ ತಡೆಯುತ್ತದೆ. ವೇವ್‌ಮೇಕರ್ ನೀರೆಳೆಯುವ ಬಾಯಿಗೆ ಮೀನೋ, ಬುಡ ಬಿಟ್ಟ ಮಶ್ರೂಮೋ ಸಿಕ್ಕಿಕೊಳ್ಳುವುದಕ್ಕೆ ಇದು ಮದ್ದಲ್ಲ. ಅದಕ್ಕೆ ಸ್ಪಂಜಿನ ಕವಚ ಬೇರೆ ಹಾಕಬೇಕು. ಅದನ್ನೂ ಆಗಾಗ ಹಿಂಡಿ ತೊಳೆಯದಿದ್ದರೆ ಪಂಪ್ ಬಿಸಿಯಾಗುತ್ತದೆ.