ಬೀಜ, ಪೆಲೆಟ್, ಮೊಳಕೆ, ಸೊಪ್ಪು: ಮುಂಬೈ ಹವೆಯಲ್ಲಿ ಗಿಳಿಯ ಹೊಟ್ಟೆಗೆ ಯಾವುದು ಹಿತ?

ಮಾಟುಂಗಾದ ನಮ್ಮ ಮನೆಯಲ್ಲಿ ಒಂದು ಜೋಡಿ ಕಾಕಟೀಲ್ ಇವೆ. ಇವು ಆಸ್ಟ್ರೇಲಿಯಾ ಮೂಲದ ಗಿಳಿಗಳು. (ನಮ್ಮ ದೇಶದ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ದಯವಿಟ್ಟು ತರಬೇಡಿ.) ನಾಲ್ಕೂ ಬಗೆಯ ಆಹಾರವನ್ನು ಇವುಗಳಿಗೆ ಕೊಟ್ಟು ನೋಡಿದ್ದೇನೆ. ಯಾವುದು ಹಿತವಾಯಿತು ಅಂತ ತಿಳಿಯಲು ಪಂಜರದ ತಳಕ್ಕೆ ಬಿಳಿ ಕಾಗದ ಹಾಸಿ ಹಿಕ್ಕೆ ನೋಡುತ್ತೇನೆ. ಗಿಳಿಯ ಕರುಳು ಗಿಡ್ಡ, ತಿಂದದ್ದು ಕೆಲವೇ ಗಂಟೆಗಳಲ್ಲಿ ಹೊರಬರುತ್ತದೆ. ಹಾಗಾಗಿ ಬೆಳಗಿನ ಊಟದ ಪರಿಣಾಮ ಸಂಜೆಯೊಳಗೇ ಕಾಣುತ್ತದೆ.

ಮೊದಲು ಬೀಜ. ಕ್ರಾಫರ್ಡ್ ಮಾರ್ಕೆಟ್‌ನಲ್ಲಿ ಸಿಗುವ ಮಿಶ್ರಣದಲ್ಲಿ ನವಣೆ, ಬರಗು, ಸೂರ್ಯಕಾಂತಿ ಇರುತ್ತವೆ. ಅಗ್ಗ, ಹಕ್ಕಿಗೂ ಬಲು ಇಷ್ಟ. ಆದರೆ ನಮ್ಮವು ಸೂರ್ಯಕಾಂತಿಯನ್ನೇ ಹೆಕ್ಕಿ ತಿನ್ನುತ್ತವೆ. ಅದರ ತಿರುಳಿನಲ್ಲಿ ಸುಮಾರು ಅರ್ಧದಷ್ಟು ಕೊಬ್ಬು. ಎ ಜೀವಸತ್ವ, ಕ್ಯಾಲ್ಸಿಯಂ ಎರಡೂ ತೀರಾ ಕಡಿಮೆ. ಎ ಜೀವಸತ್ವ ಸಾಲದಿದ್ದರೆ ಬಾಯಿ, ಗಂಟಲಿನ ಒಳಪದರ ದಪ್ಪಗಾಗಿ ಒರಟಾಗುತ್ತದೆ, ಸೋಂಕು ಸುಲಭವಾಗಿ ಹತ್ತುತ್ತದೆ. ಬೀಜವೇ ಪೂರ್ತಿ ಊಟವಾಗುವುದು ನನಗೆ ಒಪ್ಪಿಗೆಯಿಲ್ಲ.

ಪೆಲೆಟ್ ಅಂದರೆ ಪೋಷಕಾಂಶಗಳನ್ನೆಲ್ಲ ಅರೆದು ಬೆರೆಸಿ ಒತ್ತಿ ಮಾಡಿದ ಗಟ್ಟಿ ತುಣುಕು. ಇದರಲ್ಲಿ ಹೆಕ್ಕುವ ಆಟ ನಡೆಯುವುದಿಲ್ಲ, ಪ್ರತಿ ತುಣುಕಿನಲ್ಲೂ ಒಂದೇ ಪೋಷಣೆ. ಬೆಲೆ ಜಾಸ್ತಿ. ಬೀಜಕ್ಕೆ ಒಗ್ಗಿದ ಹಕ್ಕಿ ಅದನ್ನು ಆಹಾರ ಅಂತಲೇ ಗುರುತಿಸದೆ ಉಪವಾಸ ಕೂರಬಹುದು. ಅದಕ್ಕೆ ನಿಧಾನವಾಗಿ ಬೆರೆಸುತ್ತಾ ಹೋಗಬೇಕು, ದಿನಾ ಬೆಳಿಗ್ಗೆ ತೂಕ ನೋಡಬೇಕು. ಕಾಕಟೀಲ್ ತೂಗುವುದೇ ಸುಮಾರು 80ರಿಂದ 100 ಗ್ರಾಂ. ಹತ್ತು ಗ್ರಾಂ ಇಳಿದರೂ ಅದು ದೊಡ್ಡ ಮಾತು. ಬಣ್ಣ ಹಾಕಿದ ಪೆಲೆಟ್ ನಾನು ತರುವುದಿಲ್ಲ. ಹಿಕ್ಕೆಗೂ ಅದೇ ಬಣ್ಣ ಬಂದು ರೋಗದ ಗುರುತು ಮುಚ್ಚಿಹೋಗುತ್ತದೆ.

ಮೊಳಕೆ ಬಂದ ಹೆಸರುಕಾಳು, ನವಣೆ ನನಗೆ ತುಂಬಾ ಇಷ್ಟ. ಮೊಳೆತ ಕಾಳು ಮೃದು, ಬೇಗ ಜೀರ್ಣವಾಗುತ್ತದೆ. ಆದರೆ ಜೂನ್ ಬಂತೆಂದರೆ ಮುಂಬೈಯಲ್ಲಿ ಇದು ಅಪಾಯ. ರಾತ್ರಿ ಕಟ್ಟಿಟ್ಟ ಕಾಳು ಬೆಳಿಗ್ಗೆ ಲೋಳೆಯಾಗಿ ಹುಳಿ ವಾಸನೆ ಹೊಡೆಯುತ್ತದೆ. ಆರೋಗ್ಯವಾಗಿರುವ ಗಿಳಿಯ ಕರುಳಿನಲ್ಲಿ ಇರುವುದು ಹೆಚ್ಚಾಗಿ ಗ್ರಾಂ-ಪಾಸಿಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾ. ಕೆಟ್ಟ ಮೊಳಕೆಯ ಜೊತೆ ಬೇರೆ ಜಾತಿಯವು ಒಳಹೊಕ್ಕು ತಳವೂರಿದರೆ ಕಾಯಿಲೆ. ಮಳೆಗಾಲದಲ್ಲಿ ನಾನು ಮೊಳಕೆ ಕೊಡುವುದೇ ಇಲ್ಲ. ಹಳೆಯ ಶೇಂಗಾ, ಜೋಳವನ್ನೂ ಮುಟ್ಟುವುದಿಲ್ಲ, ಅವುಗಳ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು.

ಸೊಪ್ಪು, ತರಕಾರಿಯ ವಿಷಯದಲ್ಲಿ ಮಾಟುಂಗಾದವರು ಪುಣ್ಯವಂತರು. ನುಗ್ಗೆಸೊಪ್ಪು, ಹರಿವೆ, ಸಿಹಿಗುಂಬಳ, ಗಜ್ಜರಿ ಎಲ್ಲ ಮಾರ್ಕೆಟ್‌ನಲ್ಲೇ ಸಿಗುತ್ತವೆ. ಬೀಜದಲ್ಲಿ ಇಲ್ಲದ ಎ ಜೀವಸತ್ವದ ಕೊರತೆಯನ್ನು ಇವು ತುಂಬುತ್ತವೆ. ಪಾಲಕ್ ಅಪರೂಪಕ್ಕೆ ಸಾಕು, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ದೇಹಕ್ಕೆ ಸೇರದಂತೆ ತಡೆಯುತ್ತದೆ. ಸೊಪ್ಪು ತಿಂದ ದಿನ ಕಾಗದ ಒದ್ದೆಯಾದರೆ ಭೇದಿ ಅಂತ ಹೆದರಬೇಡಿ. ಹಿಕ್ಕೆಯಲ್ಲಿ ಮೂರು ಭಾಗ: ಮಲ, ಯೂರೇಟ್ ಎಂಬ ಮೂತ್ರದ ಬಿಳಿ ಗಟ್ಟಿ ಅಂಶ, ನೀರಿನಂಥ ಮೂತ್ರ. ಮಲ ಗಟ್ಟಿಯಾಗಿದ್ದು ಸುತ್ತ ನೀರಷ್ಟೇ ಹೆಚ್ಚಿದ್ದರೆ ಅದು ಸೊಪ್ಪಿನ ನೀರು. ಮಲವೇ ಕರಗಿ ಹರಡಿದರೆ ಭೇದಿ.

ಇಷ್ಟು ನೋಡಿದ ಮೇಲೆ ನನ್ನ ಆಯ್ಕೆ ಹೀಗೆ: ಬಟ್ಟಲಿನ ಹೆಚ್ಚು ಪಾಲು ಪೆಲೆಟ್, ಬೆಳಿಗ್ಗೆ ಸೊಪ್ಪು, ಚಳಿಗಾಲದಲ್ಲಿ ಮಾತ್ರ ಮೊಳಕೆ. ಬೀಜ ಕೈಯಿಂದ ಕೊಡುವ ಬಹುಮಾನ. ಸೊಪ್ಪನ್ನು ಎರಡು ಗಂಟೆಯಲ್ಲಿ ತೆಗೆದುಬಿಡುತ್ತೇನೆ. ಹೊಟ್ಟೆಗೆ ತಂಪು ಅಂತ ಮೊಸರನ್ನ ಕೊಡುವವರು ನಮ್ಮಲ್ಲಿ ಬಹಳ ಮಂದಿ, ಅಲ್ವಾ? ಹಕ್ಕಿಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಅದು ಬೇಡ. ಬೆಣ್ಣೆಹಣ್ಣು ಕೊಡಲೇಬಾರದು, ಗಿಳಿಗೆ ಅದು ಪ್ರಾಣಕ್ಕೇ ಅಪಾಯ.

ಹಿಕ್ಕೆಯಲ್ಲಿ ಇಡೀ ಬೀಜ ಹಾಗೇ ಕಂಡರೆ ಆಹಾರ ಬದಲಿಸುತ್ತಾ ಕೂರಬೇಡಿ. ಆ ಕಾಗದವನ್ನೇ ಮಡಚಿಕೊಂಡು ಅದೇ ದಿನ ಹಕ್ಕಿಗಳನ್ನು ನೋಡುವ ವೈದ್ಯರ ಹತ್ತಿರ ಹೋಗಿ.