ಪುನಲುಉ ಬೀಚಿಗೆ ‘ಆಮೆ ಜೊತೆ ಈಜು’ ಅಂತ ಟೂರ್ ಮಾರಿದರೆ ದುಡ್ಡು ಕಟ್ಟಬೇಡಿ

ಹವಾಯಿಯ ಬಿಗ್ ಐಲ್ಯಾಂಡಿಗೆ ಹೋಗುವವರಿದ್ದರೆ ಇದನ್ನು ಓದಿಕೊಂಡು ಬುಕ್ ಮಾಡಿ. ಅಲ್ಲಿನ ಕಪ್ಪು ಮರಳಿನ ಪುನಲುಉ ಬೀಚಿಗೆ ‘ಕಡಲಾಮೆಗಳ ಜೊತೆ ಈಜಿ’ ಅಂತ ಬಸ್ ಟೂರ್ ಮಾರುತ್ತಾರೆ. ಊರಿಂದ ಬಂದಿದ್ದ ಅಪ್ಪ ಅಮ್ಮನನ್ನು ಕರೆದುಕೊಂಡು ನಾವು ಹೋಗಿದ್ದು ಅಂಥದ್ದರಲ್ಲೇ.

ದ್ವೀಪದ ಪಶ್ಚಿಮ ಕರಾವಳಿಯ ಕೋನಾದಿಂದ ಪುನಲುಉಗೆ ಸುಮಾರು 100 ಕಿ.ಮೀ. ಬಸ್ಸು ಕಾಫಿ ಅಂಗಡಿ, ಬೇಕರಿ ಅಂತ ನಿಂತೂ ನಿಂತೂ ಬೀಚ್ ಮುಟ್ಟಿದಾಗ ನಡುಮಧ್ಯಾಹ್ನ. ಕೊಟ್ಟಿದ್ದು ಅರ್ಧ ಗಂಟೆ. ಕರಿ ಮರಳು ಆ ಹೊತ್ತಿಗೆ ಎಷ್ಟು ಕಾದಿರುತ್ತದೆ ಅಂದರೆ, ಚಪ್ಪಲಿ ಬಿಟ್ಟು ಇಳಿದ ಅಮ್ಮ ನಾಲ್ಕು ಹೆಜ್ಜೆಗೇ ಕುಣಿಯುತ್ತಾ ವಾಪಸ್ ಬಂದರು. ಮುಟ್ಟಿ ನೋಡಿದರೆ ತರಿತರಿ. ಕಾದ ಲಾವಾ ಸಮುದ್ರಕ್ಕೆ ಬಿದ್ದು, ಒಮ್ಮೆಗೇ ತಣ್ಣಗಾಗಿ, ಸಿಡಿದು ಚೂರಾದ ಕಲ್ಲು ಅದು.

ಇನ್ನು ಈಜು. ನೀರೊಳಗೆ ಚೂಪಾದ ಲಾವಾ ಬಂಡೆ, ಅಲೆ ಜೋರು, ಸೆಳೆತ ಬೇರೆ. ತಳದಿಂದ ಸಿಹಿನೀರಿನ ಬುಗ್ಗೆ ಉಕ್ಕುವುದರಿಂದ ಅಲ್ಲಲ್ಲಿ ಕಾಲು ಜೋಮು ಹಿಡಿಯುವಷ್ಟು ತಣ್ಣಗೆ. ‘ನಿಮ್ಮ ರಿಸ್ಕ್’ ಅಂದವನೇ ಗೈಡ್ ತೆಂಗಿನ ಮರದ ನೆರಳಲ್ಲಿ ಕೂತ. ನಾವ್ಯಾರೂ ಮೊಣಕಾಲುದ್ದಕ್ಕಿಂತ ಮುಂದೆ ಹೋಗಲಿಲ್ಲ.

ಅಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಈಜಿಲ್ಲ ಅಂತ ಗೊಣಗಾಟ ಶುರುವಾದಾಗ ಈ ಪುಣ್ಯಾತ್ಮ ಎದ್ದು, ಮಲಗಿದ್ದ ಆಮೆಯೊಂದರ ಪಕ್ಕಕ್ಕೇ ಎಲ್ಲರನ್ನೂ ಕರೆದೊಯ್ದು ‘ಬೇಗ ಫೋಟೊ ತೆಗೆದುಕೊಳ್ಳಿ’ ಅಂದ. ಆಮೆಯಿಂದ ಕನಿಷ್ಠ 10 ಅಡಿ ದೂರ ನಿಲ್ಲಬೇಕು ಅನ್ನುವುದು ಅಲ್ಲಿನ ಪದ್ಧತಿ. ಹವಾಯಿಯ ಹಸಿರು ಕಡಲಾಮೆಗೆ 1978ರಿಂದ ಅಮೆರಿಕದ ಫೆಡರಲ್ ಕಾನೂನಿನ ರಕ್ಷಣೆ ಇದೆ. ತೊಂದರೆ ಕೊಟ್ಟರೆ ದಂಡ ಬೀಳಬಹುದು. ನಮ್ಮ ಬಸ್ಸಿನವನೊಬ್ಬ ಬೆನ್ನು ಸವರಿಯೇಬಿಟ್ಟ. ಚಿಪ್ಪಿನ ಮೇಲೆ ಪಾಚಿ ಒಣಗಿ ಹೊಪ್ಪಳೆ ಎದ್ದಿತ್ತು, ಕಣ್ಣಿಂದ ಅಂಟಂಟು ನೀರು ಇಳಿಯುತ್ತಿತ್ತು. ‘ಅಯ್ಯೋ, ಅಳ್ತಾ ಇದೆಯಲ್ಲೋ’ ಅಂದರು ಅಮ್ಮ. ಅದು ಅಳು ಅಲ್ಲ, ಮೈಯಲ್ಲಿ ಜಾಸ್ತಿಯಾದ ಉಪ್ಪನ್ನು ಕಡಲಾಮೆಗಳು ಹಾಗೆ ಹೊರಹಾಕುತ್ತವೆ. ಆದರೂ ಅಮ್ಮನನ್ನು ತಿದ್ದುವ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಆ ಊರಿನ ಹೆಂಗಸೊಬ್ಬರು ಓಡಿಬಂದು ಎಲ್ಲರನ್ನೂ ತರಾಟೆಗೆ ತೆಗೆದುಕೊಂಡರು. ಬೈಸಿಕೊಂಡಿದ್ದು ನಾವು, ಗೈಡ್ ಆಗಲೇ ಬಸ್ಸಿನ ಹತ್ತಿರ! ಆಮೆ ತೆವಳಿಕೊಂಡು ನೀರಿಗೆ ಹೋಯಿತು.

ನಮ್ಮ ಹೊನ್ನಾವರದ ಕಡೆ ಕಡಲಾಮೆ ದಡಕ್ಕೆ ಬರುವುದು ಮೊಟ್ಟೆ ಇಡುವುದಕ್ಕೆ, ಅದೂ ಹೆಚ್ಚಾಗಿ ರಾತ್ರಿ. ಇಲ್ಲಿ ಹಾಡಹಗಲೇ ಬಂದು ಬಿಸಿಲಿಗೆ ಮೈಯೊಡ್ಡಿ ನಿದ್ದೆ ಮಾಡುತ್ತವೆ. ಹಾಗೆ ಮಾಡುವ ಕಡಲಾಮೆಗಳು ಪ್ರಪಂಚದಲ್ಲೇ ಅಪರೂಪ. ಅದನ್ನು ನೋಡುವುದಕ್ಕೆ ಖಂಡಿತ ಹೋಗಿ, ಆದರೆ ಕಾರು ಬಾಡಿಗೆಗೆ ತೆಗೆದುಕೊಂಡು ಹೋಗಿ. ಕೌಂಟಿಯ, ಅಂದರೆ ಅಲ್ಲಿನ ಸ್ಥಳೀಯ ಆಡಳಿತದ ಪಾರ್ಕ್ ಅದು, ಟೂರಿನವರ ಹಂಗೇ ಬೇಡ. ಜ್ವಾಲಾಮುಖಿ ನ್ಯಾಷನಲ್ ಪಾರ್ಕಿನಿಂದ ಸುಮಾರು ಅರ್ಧ ಗಂಟೆ ದಾರಿ. ನೆನಪಿಗೆ ಅಂತ ಮರಳು ತುಂಬಿಕೊಳ್ಳಬೇಡಿ, ಅದೂ ಕಾನೂನಿಗೆ ವಿರುದ್ಧ. ನಮ್ಮ ಗೈಡ್ ಇದನ್ನಂತೂ ಬಾಯಿಬಿಡಲೇ ಇಲ್ಲ.

ದುಡ್ಡು ವಾಪಸ್ ಕೇಳಿದ್ದಕ್ಕೆ, ‘ಈಜು ಸಮುದ್ರದ ಸ್ಥಿತಿ ನೋಡಿಕೊಂಡು’ ಅಂತ ಟಿಕೆಟ್ಟಿನ ಕೊನೆಯಲ್ಲಿದ್ದ ಸಣ್ಣ ಅಕ್ಷರ ತೋರಿಸಿದರು. ಕ್ರೆಡಿಟ್ ಕಾರ್ಡ್ ಕಂಪನಿಗೆ ದೂರು ಕೊಟ್ಟಿದ್ದೇವೆ, ಇನ್ನೂ ಉತ್ತರ ಬಂದಿಲ್ಲ. ಟೂರೇ ಬೇಕು ಅನ್ನುವವರು ಬೀಚಿನಲ್ಲಿ ಎಷ್ಟು ಹೊತ್ತು ಬಿಡುತ್ತೀರಿ, ಈಜು ಯಾವ ಜಾಗದಲ್ಲಿ ಅಂತ ಮೊದಲೇ ಇಮೇಲಿನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಫೋನಿನಲ್ಲಿ ಎಲ್ಲದಕ್ಕೂ ಹೂಂ ಅನ್ನುತ್ತಾರೆ.