ನೇಪಾಳಕ್ಕೆ ದುಡ್ಡು ಕಳಿಸುವ ಎನ್‌ಇಎಫ್‌ಟಿ ದಾರಿ: ಯೋಜನೆ ಚೆನ್ನ, ಕೌಂಟರ್ ಮಂದ

ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟಿನಲ್ಲೋ ಹೋಟೆಲಿನ ಅಡುಗೆಮನೆಯಲ್ಲೋ ನೇಪಾಳದ ಅಛಾಮ್, ಡೋಟಿ, ಕೈಲಾಲಿ ಕಡೆಯ ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. 1950ರ ಭಾರತ-ನೇಪಾಳ ಶಾಂತಿ ಮತ್ತು ಮೈತ್ರಿ ಒಪ್ಪಂದ ಇರುವುದರಿಂದ ಅವರು ಇಲ್ಲಿಗೆ ಬರಲು, ದುಡಿಯಲು ವೀಸಾ ಬೇಡ. ಮನುಷ್ಯರು ಗಡಿ ದಾಟುವುದು ಇಷ್ಟು ಸಲೀಸು. ಅವರ ಸಂಬಳ ದಾಟುವುದು ಮಾತ್ರ ಹಾಗಲ್ಲ. ಊರಿಗೆ ಹೊರಟವರ ಕೈಲಿ ಕವರ್ ಕೊಟ್ಟು ಕಳಿಸುವುದು, ಬ್ಯಾಂಕಿನ ಹೊರಗೆ ಹಣ ದಾಟಿಸುವ ಹುಂಡಿಯವರ ಬಳಿ ಹೋಗುವುದು, ಇಲ್ಲವೇ ಸೊಂಟಕ್ಕೆ ಕಟ್ಟಿಕೊಂಡು ತಾವೇ ಹೊರಡುವುದು ಇಂದಿಗೂ ನಡೆದಿದೆ. 2018ರ ಡಿಸೆಂಬರಿನಲ್ಲಿ ನೇಪಾಳ 100 ರೂಪಾಯಿಗಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿದಾಗ ಈ ಕೊನೆಯ ದಾರಿ ಇನ್ನಷ್ಟು ಫಜೀತಿಯಾಯಿತು.

ಇವರಿಗೆಂದೇ ಇರುವ ಸೇವೆ ಇಂಡೋ-ನೇಪಾಳ್ ರೆಮಿಟೆನ್ಸ್. ರಿಸರ್ವ್ ಬ್ಯಾಂಕ್ ಇದನ್ನು ಶುರು ಮಾಡಿದ್ದು 2008ರ ಮೇ ತಿಂಗಳಲ್ಲಿ. ನಾವು ದಿನನಿತ್ಯ ಬಳಸುವ ಎನ್‌ಇಎಫ್‌ಟಿಯ ಮೇಲೆಯೇ ಓಡುತ್ತದೆ. ಇಲ್ಲಿನ ಯಾವುದೇ ಎನ್‌ಇಎಫ್‌ಟಿ ಶಾಖೆಯಲ್ಲಿ ಕಟ್ಟಿದ ದುಡ್ಡು ಎಸ್‌ಬಿಐಗೆ ಹೋಗಿ, ಅಲ್ಲಿಂದ ನೇಪಾಳ್ ಎಸ್‌ಬಿಐ ಬ್ಯಾಂಕಿಗೆ ದಾಟಿ, ಮನೆಯವರಿಗೆ ನೇಪಾಳಿ ರೂಪಾಯಿಯಲ್ಲಿ ಸಿಗುತ್ತದೆ. ಇದು ಒಮ್ಮುಖದ ರಸ್ತೆ: ನೇಪಾಳದಿಂದ ಇಲ್ಲಿಗೆ ಕಳಿಸಲು ಆಗುವುದಿಲ್ಲ.

ಖರ್ಚಿನ ಲೆಕ್ಕದಲ್ಲಿ ಇದಕ್ಕೆ ಪೂರ್ತಿ ಅಂಕ. ಯೋಜನೆಯ ನಿಯಮದಂತೆ ಕಳಿಸುವ ಬ್ಯಾಂಕು ಹೆಚ್ಚೆಂದರೆ 5 ರೂಪಾಯಿ ತೆಗೆದುಕೊಳ್ಳಬಹುದು, ಎಸ್‌ಬಿಐ ಪಾಲು 20. ಪಡೆಯುವವರಿಗೆ ನೇಪಾಳ್ ಎಸ್‌ಬಿಐನಲ್ಲಿ ಖಾತೆ ಇದ್ದರೆ ಒಟ್ಟು 25 ರೂಪಾಯಿಗೆ ಕೆಲಸ ಮುಗಿಯಿತು. ಖಾತೆ ಇಲ್ಲದಿದ್ದರೆ 5,000ದವರೆಗೆ ಇನ್ನೂ 50, ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಇನ್ನೂ 75. ಅಂದರೆ ಖಾತೆಯಿಲ್ಲದ ತಾಯಿಗೆ 4,000ದಂತೆ ಎರಡು ಸಲ ಕಳಿಸಿದರೆ 150 ರೂಪಾಯಿ ಹೋಗುತ್ತದೆ; 8,000 ಒಂದೇ ಸಲ ಕಳಿಸಿದರೆ 100. ವಾರವಾರ ಚೂರುಚೂರಾಗಿ ಕಳಿಸುವ ಅಭ್ಯಾಸ ಇಲ್ಲಿ ನಷ್ಟದ ಬಾಬ್ತು. ಊರಲ್ಲಿ ಒಂದು ಖಾತೆ ತೆರೆಸಿಬಿಟ್ಟರೆ ಆ 50 ಅಥವಾ 75 ಪ್ರತಿ ಸಲವೂ ಉಳಿಯುತ್ತದೆ.

ಇನ್ನೊಂದು ಅನುಕೂಲ ಕಣ್ಣಿಗೆ ಕಾಣುವುದಿಲ್ಲ. ಗಲ್ಫ್‌ನಿಂದಲೋ ಸಿಂಗಪುರದಿಂದಲೋ ಹಣ ಕಳಿಸುವವರು ಶುಲ್ಕಕ್ಕಿಂತ ಹೆಚ್ಚು ಕಳೆದುಕೊಳ್ಳುವುದು ವಿನಿಮಯ ದರದಲ್ಲಿ. ಇಲ್ಲಿ ಆ ಆಟ ನಡೆಯುವುದಿಲ್ಲ. 1993ರಿಂದ ನೇಪಾಳದ ರೂಪಾಯಿಯನ್ನು ನಮ್ಮದಕ್ಕೆ 1.60ರ ಲೆಕ್ಕದಲ್ಲಿ ಕಟ್ಟಿಹಾಕಲಾಗಿದೆ. 10,000 ಕಳಿಸಿದರೆ ಅಲ್ಲಿ 16,000. ಬಾಯಿಲೆಕ್ಕದಲ್ಲೇ ತಾಳೆ ನೋಡಬಹುದು, ಕಡಿಮೆ ಬಂದರೆ ತಕ್ಷಣ ಕೇಳಬಹುದು. ಅಕ್ಷರ ಬಾರದವರಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಬೇರೆ ಇಲ್ಲ.

ಮಿತಿಗಳ ವಿಷಯ. ಮೊದಲು ಒಂದು ಸಲಕ್ಕೆ 50,000 ಇತ್ತು. 2021ರ ಅಕ್ಟೋಬರ್ 1ರಿಂದ ಖಾತೆಯ ಮೂಲಕ ಕಳಿಸುವವರಿಗೆ ಅದು 2 ಲಕ್ಷವಾಗಿದೆ, ವರ್ಷಕ್ಕೆ ಹನ್ನೆರಡೇ ಸಲ ಎಂಬ ಕಟ್ಟು ಕೂಡ ಹೋಗಿದೆ. ನೇಪಾಳದಲ್ಲಿ ನೆಲೆಸಿರುವ ನಮ್ಮ ಸೇನೆಯ ನಿವೃತ್ತರ ಪಿಂಚಣಿ ಪಾವತಿ, ಸಣ್ಣ ವ್ಯಾಪಾರದ ಲೆಕ್ಕ ಚುಕ್ತಾ ಮಾಡಲು ಇದರಿಂದ ಉಪಕಾರವಾಗಿದೆ. ಖಾತೆಯಿಲ್ಲದೆ ಕೌಂಟರಿನಲ್ಲಿ ನಗದು ಕಟ್ಟುವವರಿಗೆ ಮಾತ್ರ ಹಳೆಯ 50,000, ವರ್ಷಕ್ಕೆ ಹನ್ನೆರಡು ಸಲದ ನಿಯಮ ಹಾಗೇ ಉಳಿದಿದೆ. ತಿಂಗಳಿಗೊಂದು ಸಲ ಕಳಿಸುವವರಿಗೆ ಅಷ್ಟು ಸಾಕು. ಆದರೆ ಮಧ್ಯೆ ಆಸ್ಪತ್ರೆ ಖರ್ಚು ಅಂತ ಒಂದು ಸಲ ಹೆಚ್ಚು ಕಳಿಸಿದರೆ ವರ್ಷದ ಕೊನೆಯ ತಿಂಗಳು ಕೈ ಕಟ್ಟಿಕೊಂಡು ಕೂರಬೇಕು.

ಸೇವೆ ಸೊರಗುವುದು ಕೌಂಟರಿನಲ್ಲಿ. ಬರೀ ‘ಎನ್‌ಇಎಫ್‌ಟಿ ಮಾಡಬೇಕು’ ಎಂದರೆ ಸಾಮಾನ್ಯ ಚಲನ್ ಕೈಗಿಡುತ್ತಾರೆ, ಅದರಲ್ಲಿ ಐಎಫ್‌ಎಸ್‌ಸಿ ಕೇಳುತ್ತದೆ, ನೇಪಾಳದ ಶಾಖೆಗೆ ಐಎಫ್‌ಎಸ್‌ಸಿ ಇರುವುದಿಲ್ಲ, ಅಲ್ಲಿಗೆ ಮಾತು ಮುಗಿಯುತ್ತದೆ. ನೇಪಾಳದ ರವಾನೆಗೆ ಅರ್ಜಿ ನಮೂನೆಯೇ ಬೇರೆ. ‘ಇಂಡೋ-ನೇಪಾಳ್ ರೆಮಿಟೆನ್ಸ್ ಫಾರಂ’ ಎಂದು ಹೆಸರು ಹಿಡಿದೇ ಕೇಳಬೇಕು. ಖಾತೆ ಇಲ್ಲದವರಿಗೆ ಆಗುವುದಿಲ್ಲ ಎಂದರೆ, ನಗದು ಕಟ್ಟುವ ಅವಕಾಶ ಯೋಜನೆಯಲ್ಲೇ ಇದೆ ಎಂದು ಹೇಳಿ, ಮ್ಯಾನೇಜರ್ ಬಳಿ ಹೋಗುವುದು ಒಳ್ಳೆಯದು. ಪಾಪ, ಗುಮಾಸ್ತರದ್ದೂ ಪೂರ್ತಿ ತಪ್ಪಲ್ಲ; ಅಪರೂಪಕ್ಕೆ ಬರುವ ಕೆಲಸ ಯಾರಿಗೆ ನೆನಪಿರುತ್ತದೆ?

ಗುರುತಿನ ಪತ್ರದ ವಿಷಯದಲ್ಲಿ ಕೆಲಸ ಕೊಟ್ಟವರು ನೆರವಾಗಬಹುದು, ಇದು ಬಹಳ ಮಾಲೀಕರಿಗೆ ತಿಳಿದಿಲ್ಲ. ಪಾಸ್‌ಪೋರ್ಟ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್ ಜೊತೆಗೆ, ಉದ್ಯೋಗದಾತರು ಫೋಟೋ ಸಮೇತ ಕೊಟ್ಟ ಗುರುತಿನ ಪತ್ರವನ್ನೂ ಈ ಯೋಜನೆ ಒಪ್ಪುತ್ತದೆ. ಹೋಟೆಲಿನ ಅಥವಾ ಅಪಾರ್ಟ್‌ಮೆಂಟ್ ಸಂಘದ ಲೆಟರ್‌ಹೆಡ್ಡಿನಲ್ಲಿ ಹೆಸರು, ವಿಳಾಸ, ಎಂದಿನಿಂದ ಕೆಲಸದಲ್ಲಿದ್ದಾರೆ ಎಂಬುದನ್ನು ಬರೆದು, ಫೋಟೋ ಅಂಟಿಸಿ, ಅರ್ಧ ಫೋಟೋದ ಮೇಲೆ ಬೀಳುವಂತೆ ಸೀಲು ಹೊಡೆದು ಕೊಡಿ. ಐದು ನಿಮಿಷದ ಕೆಲಸ.

ಫಾರಂ ತುಂಬುವಾಗ ಎಡವುವುದು ಹೆಸರಿನಲ್ಲಿ. ಖಾತೆಯಿಲ್ಲದ ಮನೆಯವರು ಅಲ್ಲಿನ ಮನಿ ಟ್ರಾನ್ಸ್‌ಫರ್ ಏಜೆಂಟರ ಬಳಿ ಹೋಗಿ ಎರಡು ತೋರಿಸಬೇಕು: ಯುಟಿಆರ್ ನಂಬರ್ (ಪ್ರತಿ ರವಾನೆಗೂ ಬ್ಯಾಂಕು ಕೊಡುವ ಗುರುತು ಸಂಖ್ಯೆ) ಮತ್ತು ಫೋಟೋ ಗುರುತು, ಸಾಮಾನ್ಯವಾಗಿ ಪೌರತ್ವ ಪ್ರಮಾಣಪತ್ರ. ಅದರಲ್ಲಿ ‘ಲಕ್ಷ್ಮೀ ಕುಮಾರಿ ಬಿಶ್ವಕರ್ಮಾ’ ಎಂದಿದ್ದು ಫಾರಂನಲ್ಲಿ ‘ಲಕ್ಷ್ಮಿ ಬಿ.ಕೆ.’ ಎಂದು ಬರೆದರೆ ತಕರಾರು ಖಾತರಿ. ಬಹಾದುರ್, ಕುಮಾರಿ ಎಂಬ ನಡುವಿನ ಹೆಸರುಗಳನ್ನು ಕರೆಯುವಾಗ ಯಾರೂ ಬಳಸುವುದಿಲ್ಲ, ಬರೆಯುವಾಗಲೂ ಬಿಟ್ಟುಬಿಡುತ್ತಾರೆ. ಮನೆಯವರಿಂದ ಪ್ರಮಾಣಪತ್ರದ ಫೋಟೋ ವಾಟ್ಸ್ಯಾಪ್‌ನಲ್ಲಿ ತರಿಸಿಕೊಂಡು, ಅಕ್ಷರಕ್ಕೆ ಅಕ್ಷರ ನೋಡಿ ಬರೆಯುವುದೇ ಸರಿ. ಯುಟಿಆರ್ ನಂಬರನ್ನೂ ಫೋನಿನಲ್ಲಿ ಓದಿ ಹೇಳಬೇಡಿ. ಸೊನ್ನೆ ‘ಓ’ ಆಗುತ್ತದೆ. ಕೌಂಟರ್‌ಫಾಯಿಲಿನ ಫೋಟೋ ಕಳಿಸಿ.

ಏಳು ದಿನದ ಗಡುವು ಬೇರೆ ಇದೆ. ಒಂದು ವಾರದೊಳಗೆ ಯಾರೂ ಬಂದು ತೆಗೆದುಕೊಳ್ಳದಿದ್ದರೆ ದುಡ್ಡು ಕಳಿಸಿದವರಿಗೇ ವಾಪಸ್. ಬೆಟ್ಟದ ಮೇಲಿನ ಹಳ್ಳಿಯಿಂದ ಏಜೆಂಟ್ ಇರುವ ಪೇಟೆಗೆ ಇಳಿಯಲು ದಿನವಿಡೀ ಬೇಕಾಗುವ ಕಡೆ, ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವ ಕಡೆ, ಇದು ಬಿಗಿಯಾದ ಗಡುವು. ನಮ್ಮ ಎಣಿಕೆಯಲ್ಲಿ ಯೋಜನೆಯ ದೊಡ್ಡ ಕೊರತೆ ಇದೇ. ಹದಿನೈದು ದಿನವಾದರೂ ಕೊಡಬೇಕಿತ್ತು. ಖಾತೆಯಿದ್ದರೆ ಈ ತಾಪತ್ರಯವಿಲ್ಲ.

ಫೋನ್‌ಪೇ, ಗೂಗಲ್‌ಪೇ ಇರುವಾಗ ಇದೆಲ್ಲ ಯಾಕೆ ಎನ್ನುವವರಿದ್ದಾರೆ. 2024ರ ಮಾರ್ಚಿನಿಂದ ನೇಪಾಳದ ಅಂಗಡಿಗಳಲ್ಲಿ ಫೋನ್‌ಪೇ ನೆಟ್‌ವರ್ಕಿನ ಕ್ಯೂಆರ್‌ಗೆ ನಮ್ಮ ಯುಪಿಐ ನಡೆಯುತ್ತಿರುವುದು ನಿಜ. (ಇದು ನೇಪಾಳದ್ದೇ ಬೇರೆ ಕಂಪನಿ, ನಮ್ಮ ಫೋನ್‌ಪೇ ಅಲ್ಲ, ಉಚ್ಚಾರ ಒಂದೇ ಆದ್ದರಿಂದ ಗೊಂದಲ ಜಾಸ್ತಿ.) ಪಶುಪತಿನಾಥ, ಮುಕ್ತಿನಾಥಕ್ಕೆ ಹೋಗುವ ನಮ್ಮ ಯಾತ್ರಿಕರಿಗೆ ಅದು ಅನುಕೂಲ. ಆದರೆ ಅದು ಅಂಗಡಿಗೆ ದುಡ್ಡು ಕೊಡುವ ವ್ಯವಸ್ಥೆ, ಅಮ್ಮನಿಗೆ ಕಳಿಸುವುದಲ್ಲ. ಎರಡೂ ದೇಶಗಳ ಪಾವತಿ ಜಾಲಗಳನ್ನು ನೇರವಾಗಿ ಜೋಡಿಸುವ ಕರಾರಿಗೆ ರಿಸರ್ವ್ ಬ್ಯಾಂಕು ಮತ್ತು ಅಲ್ಲಿನ ಕೇಂದ್ರ ಬ್ಯಾಂಕಾದ ನೇಪಾಳ ರಾಷ್ಟ್ರ ಬ್ಯಾಂಕು 2024ರ ಫೆಬ್ರವರಿಯಲ್ಲಿ ಸಹಿ ಹಾಕಿವೆ. ಅದು ಬಂದರೂ, ಬ್ಯಾಂಕ್ ಖಾತೆಯೇ ಇಲ್ಲದ ಕೈದುಡಿಮೆಯವರಿಗೆ ಕೌಂಟರ್ ಬೇಕೇ ಬೇಕು.

ಪ್ರಾದೇಶಿಕ ಸಹಕಾರ ಎಂದರೆ ನಮಗೆ ನೆನಪಾಗುವುದು ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್‌ನ ಶೃಂಗಸಭೆಯ ಗುಂಪು ಫೋಟೋ. ಅದು ಕೊನೆಯದಾಗಿ ನಡೆದದ್ದು 2014ರಲ್ಲಿ, ಕಠ್ಮಂಡುವಿನಲ್ಲಿ. ಆಮೇಲೆ ಕೆಲಸ ಸಾಗಿರುವುದೆಲ್ಲ ಇಬ್ಬಿಬ್ಬರ ನಡುವಿನ ಇಂಥ ಕೊಳವೆಗಳಲ್ಲಿ: 2019ರಲ್ಲಿ ಮೋತಿಹಾರಿಯಿಂದ ಅಮ್ಲೇಖ್‌ಗಂಜ್‌ಗೆ 69 ಕಿಲೋಮೀಟರಿನ ಡೀಸೆಲ್ ಪೈಪು ಬಂತು, ನೇಪಾಳದ ಜಲವಿದ್ಯುತ್ ನಮ್ಮ ಗ್ರಿಡ್ಡಿಗೆ ಬರುತ್ತಿದೆ. ನೇಪಾಳದ ಜಿಡಿಪಿಯಲ್ಲಿ ಸುಮಾರು ಕಾಲು ಭಾಗ ಹೊರಗೆ ದುಡಿಯುವವರು ಕಳಿಸಿದ ಹಣ. ಆ ದೃಷ್ಟಿಯಿಂದ ನೋಡಿದರೆ 25 ರೂಪಾಯಿಯ ಈ ಕೊಳವೆ ಡೀಸೆಲ್ ಪೈಪಿಗಿಂತ ಸಣ್ಣದೇನಲ್ಲ.

ನಮ್ಮ ಅಂಕ: ಖರ್ಚು ಮತ್ತು ಭದ್ರತೆಗೆ ಐದಕ್ಕೆ ಐದು, ಕೌಂಟರಿನ ಅನುಭವಕ್ಕೆ ಎರಡು. ಒಂದು ಎಚ್ಚರಿಕೆ: ಎನ್‌ಇಎಫ್‌ಟಿ ಈಗ ಹಗಲು ರಾತ್ರಿ ಓಡುತ್ತದೆ, ಆದರೆ ದುಡ್ಡು ಕೊಡುವ ಕಡೆಯ ಬಾಗಿಲು ಹಾಗಲ್ಲ. ಅಲ್ಲಿ ಶನಿವಾರ ರಜೆ, ನಮ್ಮ ನವರಾತ್ರಿಯ ಹೊತ್ತಿಗೆ ಬರುವ ದಶೈಂಗೆ ಉದ್ದ ರಜೆ. ಹಬ್ಬದ ದುಡ್ಡು ಕಳಿಸುವವರು ದಶೈಂ ಶುರುವಾಗುವ ಘಟಸ್ಥಾಪನೆಗೆ ಹತ್ತು ದಿನ ಮುಂಚೆಯೇ ಕೌಂಟರಿನಲ್ಲಿರಲಿ. ಬೋನಸ್ ಕೊಡುವ ಮಾಲೀಕರು ಅದಕ್ಕೂ ಎರಡು ದಿನ ಮೊದಲೇ ಕೊಡಲಿ.